ಬುತ್ತಿ ಖಾಲಿಯಾಗುವ ಮುಂಚೆ: 'ಜಾಸ್ ಆಫ್ ದಿ ಲಯನ್' ಕಲಿಯುವವರಿಗೆ ಒಂದು ಕೈಪಿಡಿ

ಕೊನೆಯ ಕೋಣೆಯಲ್ಲಿ ಉಳಿದಿದ್ದವನು ಒಬ್ಬನೇ ಶತ್ರು. ಅವನ ಲೆಕ್ಕದಲ್ಲಿ ಉಳಿದಿದ್ದದ್ದು ಎರಡೇ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ. ನಮ್ಮ ಕಡೆ ಮೂವರು, ಯಾರಿಗೂ ದೊಡ್ಡ ಗಾಯವಿಲ್ಲ. ಆದರೂ ಸೋತೆವು. ಯಾಕೆಂದರೆ ಮೂವರ ಕೈಯಲ್ಲೂ ಆಡಲು ಕಾರ್ಡು ಇರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಮೇಜಿನ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲ ಕೋಣೆಯಲ್ಲಿ ನಾವು ಮೆರೆದಿದ್ದ ಮೆರೆತವೆಲ್ಲ ಆಗ ನೆನಪಾಯಿತು.

'ಜಾಸ್ ಆಫ್ ದಿ ಲಯನ್' ಎಂಬ ಈ ಬೋರ್ಡ್ ಗೇಮ್‌ಗೆ ಹೊಸದಾಗಿ ಕೂರುವ ಹೆಚ್ಚಿನವರು ಸೋಲುವುದು ಹೀಗೆಯೇ. ರಾಕ್ಷಸರು ಕೊಲ್ಲುವುದಕ್ಕಿಂತ ಮುಂಚೆ ಕೈ ಬರಿದಾಗುತ್ತದೆ. ಆದ್ದರಿಂದ ಈ ಲೇಖನ ನಿಯಮಪುಸ್ತಕದ ಅನುವಾದವಲ್ಲ, ನಿಯಮಪುಸ್ತಕ ತಾನೇ ಚೆನ್ನಾಗಿ ಕಲಿಸುತ್ತದೆ. ಅದು ಹೇಳಿದ್ದರಲ್ಲಿ ಯಾವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಯಾವುದನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ ಎಂದಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ಹಿನ್ನೆಲೆ ಸ್ವಲ್ಪ. ಕತ್ತಲ ನೆಲಮಾಳಿಗೆಗೆ ಇಳಿ, ಬಾಗಿಲು ತೆಗೆ, ಒಳಗಿದ್ದುದನ್ನು ಎದುರಿಸು, ಸಿಕ್ಕಿದ್ದನ್ನು ಬಾಚಿಕೋ. ಈ ಬಗೆಯ ಆಟಕ್ಕೆ ಡಂಜನ್ ಕ್ರಾಲ್ ಎಂದು ಹೆಸರು. ಇದರ ಬೇರು 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ, ಮಾತಿನಲ್ಲೇ ಪಾತ್ರ ವಹಿಸಿ ಆಡುವ ಆಟದಲ್ಲಿದೆ. 1989ರ 'ಹೀರೋಕ್ವೆಸ್ಟ್' ಅದನ್ನು ಮೇಜಿನ ಮೇಲಿನ ಬೋರ್ಡ್ ಗೇಮ್ ಆಗಿ ಜನಪ್ರಿಯಗೊಳಿಸಿತು. ಆದರೆ ಅಲ್ಲಿ ಒಬ್ಬರು ಖಳನಾಗಿ ಎದುರು ಕೂರಬೇಕಿತ್ತು. ಯಾರೂ ಖಳನಾಗದೆ, ಎಲ್ಲರೂ ಒಂದೇ ಪಕ್ಷದಲ್ಲಿ ಆಡುವ ಆಟಗಳು ಆಮೇಲೆ ಬಂದವು. ಅವುಗಳಲ್ಲಿ ದೊಡ್ಡ ಹೆಸರು ಐಸಾಕ್ ಚಿಲ್ಡ್ರೆಸ್ ರೂಪಿಸಿದ, ಸೆಫಲೋಫೇರ್ ಗೇಮ್ಸ್ 2017ರಲ್ಲಿ ಹೊರತಂದ 'ಗ್ಲೂಮ್‌ಹೇವನ್'. ಬೋರ್ಡ್‌ಗೇಮ್‌ಗೀಕ್ ತಾಣದ ಶ್ರೇಯಾಂಕದಲ್ಲಿ ಅದು ಐದು ವರ್ಷ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಡಬ್ಬಿಯ ತೂಕ ಹತ್ತು ಕಿಲೋ ಹತ್ತಿರ, ಒಳಗೆ 95 ಸಿನಾರಿಯೊ (ಒಂದು ಸಲ ಕೂತು ಆಡುವ ಕಥೆಯ ಒಂದೊಂದು ಕಂತು), 17 ಬಗೆಯ ಪಾತ್ರ. ಹೊಸಬರು ಅದನ್ನು ಕೊಳ್ಳುವುದು ಈಜು ಕಲಿಯಲು ನೇರ ಕಡಲಿಗೆ ಹಾರಿದಂತೆ. 2020ರಲ್ಲಿ ಬಂದ ಅದರ ತಂಗಿ 'ಗ್ಲೂಮ್‌ಹೇವನ್: ಜಾಸ್ ಆಫ್ ದಿ ಲಯನ್' ಕೆರೆಯ ಮೆಟ್ಟಿಲಿದ್ದ ಹಾಗೆ. ಇದರಲ್ಲಿ 25 ಸಿನಾರಿಯೊ, 4 ಪಾತ್ರ, ಬೆಲೆಯೂ ಅಕ್ಕನದಕ್ಕಿಂತ ಬಹಳ ಕಡಿಮೆ. ಮೊದಲ ಐದು ಸಿನಾರಿಯೊಗಳಂತೂ ಕಲಿಸುವುದಕ್ಕೆಂದೇ ಇರುವಂಥವು.

ಹೆಜ್ಜೆ 1: ಯಾರು, ಎಷ್ಟು ಜನ

ಡಬ್ಬಿಯ ಮೇಲೆ ಒಬ್ಬರಿಂದ ನಾಲ್ವರು ಎಂದಿದೆ. ನನ್ನ ಮತ ಇಬ್ಬರಿಗೆ ಅಥವಾ ಮೂವರಿಗೆ. ಜನ ಹೆಚ್ಚಿದಂತೆ ಕೋಣೆಯೊಳಗಿನ ಶತ್ರುಗಳ ಸಂಖ್ಯೆಯೂ ಹೆಚ್ಚುತ್ತದೆ, ಹಾಗಾಗಿ ನಾಲ್ವರಾದರೆ ಸುಲಭವೇನೂ ಆಗುವುದಿಲ್ಲ. ಆಟ ಮಾತ್ರ ಉದ್ದವಾಗುತ್ತದೆ. ಒಬ್ಬರೇ ಆಡುವುದಾದರೆ ಎರಡು ಪಾತ್ರ ನಡೆಸಬೇಕು. ಇಬ್ಬರ ಯೋಚನೆ ಒಂದೇ ತಲೆಯಲ್ಲಿ ಇರುವುದರಿಂದ ಅದು ಸುಲಭವಾಗಿಬಿಡುತ್ತದೆ, ಅದನ್ನು ಸರಿದೂಗಿಸಲು ನಿಯಮ ಕಷ್ಟದ ಮಟ್ಟವನ್ನು ಒಂದು ಏರಿಸುತ್ತದೆ.

ಜನ ಎಷ್ಟಾದರೂ ಇರಲಿ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅದೇ ಜನ ಬರುವಂತಿರಬೇಕು. ಕಥೆ ಸಿನಾರಿಯೊದಿಂದ ಸಿನಾರಿಯೊಗೆ ಮುಂದುವರಿಯುತ್ತದೆ, ಪಾತ್ರ ಬೆಳೆಯುತ್ತದೆ, ಕಲಿತ ನಿಯಮದ ಮೇಲೆ ಇನ್ನೊಂದು ನಿಯಮ ಕೂರುತ್ತದೆ. ಹಬ್ಬಕ್ಕೆ ಬಂದ ನೆಂಟರನ್ನು ಕೂರಿಸಿಕೊಂಡು ಒಂದು ಸಂಜೆ ಮಜಾ ಮಾಡುವ ಆಟ ಇದಲ್ಲ. ಅವರಿಗೆ ಚೌಕಾಬಾರ ಹಾಕಿ, ಎಲ್ಲರಿಗೂ ಒಳ್ಳೆಯದು.

ಹೆಜ್ಜೆ 2: ಡಬ್ಬಿ ತೆರೆಯುವ ದಿನ ಆಡಬೇಡಿ

ರಟ್ಟಿನ ಹಾಳೆಗಳಿಂದ ಬಿಲ್ಲೆಗಳನ್ನು ಬಿಡಿಸಿಕೊಳ್ಳುವುದಕ್ಕೇ ಮುಕ್ಕಾಲು ಗಂಟೆ ಬೇಕು. ಅದನ್ನು ಒಬ್ಬರೇ, ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ. ಹತ್ತಿಪ್ಪತ್ತು ಚಿಕ್ಕ ಜಿಪ್ ಲಾಕ್ ಕವರ್ ತಂದು, ಒಂದು ಜಾತಿಯ ಶತ್ರುವಿಗೆ ಒಂದು ಕವರ್ ಎಂದು ಮಾಡಿ. ಆ ಜಾತಿಯ ನಿಲ್ಲಿಸುವ ರಟ್ಟಿನ ಬೊಂಬೆಗಳು, ಅದರ ಅಂಕಿಅಂಶದ ಕಾರ್ಡು, ಅದರ ನಡೆಯ ಕಾರ್ಡುಗಳು, ಎಲ್ಲ ಒಂದೇ ಕವರ್‌ಗೆ. ಈ ಒಂದು ಕೆಲಸ ಮುಂದೆ ಪ್ರತಿ ಸಲವೂ ಕಾಲು ಗಂಟೆ ಉಳಿಸುತ್ತದೆ.

ಒಳಗೆ ನಾಲ್ಕು ಪುಸ್ತಕಗಳಿವೆ: ಕಲಿಕೆಯ ಪುಸ್ತಕ, ನಿಯಮಗಳ ಪದಕೋಶ, ಸಿನಾರಿಯೊ ಪುಸ್ತಕ ಮತ್ತು ಅದರ ಪೂರಕ ಪುಸ್ತಕ. ಈ ಆಟದ ಜಾಣತನ ಇರುವುದು ಸಿನಾರಿಯೊ ಪುಸ್ತಕದಲ್ಲಿ. ದೊಡ್ಡ ಗ್ಲೂಮ್‌ಹೇವನ್‌ನಲ್ಲಿ ನೆಲದ ತುಂಡುಗಳನ್ನು ಹುಡುಕಿ ಜೋಡಿಸುತ್ತಾ ಕೂರಬೇಕು. ಇಲ್ಲಿ ಪುಸ್ತಕವನ್ನು ಬಿಡಿಸಿಟ್ಟರೆ ಆ ಪುಟವೇ ನಕ್ಷೆ, ಅದರ ಮೇಲೆಯೇ ಬೊಂಬೆ ನಡೆಯುತ್ತದೆ. ಕುತೂಹಲ ತಡೆಯಲಾರದೆ ಮುಂದಿನ ಪುಟ ತಿರುವಿ ನೋಡಬೇಡಿ. ಯಾವ ಕೋಣೆಯಲ್ಲಿ ಏನಿದೆ ಎಂಬುದು ಒಮ್ಮೆ ಗೊತ್ತಾದರೆ ಬಾಗಿಲು ತೆಗೆಯುವ ಸುಖ ಹೋಯಿತು.

ಇನ್ನೊಂದು ಮಾತು. ಪದಕೋಶವನ್ನು ಮೊದಲ ಪುಟದಿಂದ ಓದಲು ಹೋಗಬೇಡಿ. ಅದು ನಿಘಂಟು, ಅನುಮಾನ ಬಂದಾಗ ತೆಗೆದು ನೋಡುವುದಕ್ಕೆ.

ಹೆಜ್ಜೆ 3: ಪಾತ್ರ ಆರಿಸಿ

ನಾಲ್ಕು ಪಾತ್ರಗಳ ಸ್ವಭಾವ ಬೇರೆ ಬೇರೆ. ರೆಡ್ ಗಾರ್ಡ್ ಮುಂದೆ ನಿಂತು ಏಟು ತಿನ್ನುವವನು. ಗುರಾಣಿ ಹಿಡಿಯುತ್ತಾನೆ, ಶತ್ರುವನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಹ್ಯಾಚೆಟ್ ದೂರದಿಂದ ಕೊಡಲಿ ಎಸೆಯುವವನು. ಅವನಿಗೆ ಪ್ರೀತಿಯ ಕೊಡಲಿ ಒಂದಿದೆ, ಅದನ್ನು ಎಸೆದ ಮೇಲೆ ಹೋಗಿ ಎತ್ತಿಕೊಂಡು ಬರಬೇಕು. ಡೆಮಾಲಿಷನಿಸ್ಟ್ ಕುಳ್ಳಗಿದ್ದರೂ ಹೊಡೆತ ಜೋರು, ದಾರಿಗೆ ಅಡ್ಡ ಬಂದ ಕಲ್ಲು ಕಂಬಗಳನ್ನೂ ಒಡೆದುಹಾಕುತ್ತಾಳೆ. ವಾಯ್ಡ್‌ವಾರ್ಡನ್ ತಾನು ಹೊಡೆಯುವುದಕ್ಕಿಂತ ಬೇರೆಯವರಿಂದ ಹೊಡೆಸುವುದೇ ಹೆಚ್ಚು. ಜೊತೆಗಾರರ ಗಾಯ ಮಾಯಿಸುತ್ತಾಳೆ, ಶತ್ರುವಿನ ಮೇಲೆ ಶಾಪ ಹಾಕುತ್ತಾಳೆ.

ಮೊದಲ ಸಲಕ್ಕೆ ಒಬ್ಬರು ರೆಡ್ ಗಾರ್ಡ್ ಆಗಿರಲಿ. ವಾಯ್ಡ್‌ವಾರ್ಡನ್ ಅನ್ನು ಆಟಗಳ ರೂಢಿ ಇರುವವರು ಹಿಡಿಯಲಿ, ಆ ಪಾತ್ರದ ಕಾರ್ಡುಗಳು ಬೇಗ ಅರ್ಥವಾಗುವುದಿಲ್ಲ. ಹೊಸಬರ ಕೈಗೆ ಅದನ್ನು ಕೊಟ್ಟರೆ 'ನಾನೇನೂ ಮಾಡ್ತಾನೇ ಇಲ್ವಲ್ಲ' ಎಂಬ ಬೇಸರ ಅರ್ಧ ಗಂಟೆಯಲ್ಲಿ ಶುರು.

ಹೆಜ್ಜೆ 4: ಒಂದು ಸುತ್ತು ಹೇಗೆ ನಡೆಯುತ್ತದೆ

ಈ ಆಟದಲ್ಲಿ ದಾಳ ಇಲ್ಲ. ಎಲ್ಲವೂ ಕಾರ್ಡು. ಪ್ರತಿ ಕಾರ್ಡಿನಲ್ಲಿ ಮೇಲರ್ಧ, ಕೆಳಅರ್ಧ ಎಂದು ಎರಡು ಭಾಗ, ನಡುವೆ ಒಂದು ಸಂಖ್ಯೆ. ಮೇಲರ್ಧದಲ್ಲಿ ಹೆಚ್ಚಾಗಿ ಹೊಡೆತ, ಕೆಳಗೆ ಹೆಚ್ಚಾಗಿ ನಡಿಗೆ. ಸುತ್ತಿನ ಆರಂಭದಲ್ಲಿ ಪ್ರತಿಯೊಬ್ಬರೂ ಕೈಯಿಂದ ಎರಡು ಕಾರ್ಡು ಆರಿಸಿ ಕವುಚಿ ಇಡಬೇಕು. ಆ ಎರಡರಲ್ಲಿ ಒಂದರ ಸಂಖ್ಯೆ ನಿಮ್ಮ ಇನಿಷಿಯೇಟಿವ್. ಅದು ಚಿಕ್ಕದಿದ್ದಷ್ಟು ನಿಮ್ಮ ಸರದಿ ಬೇಗ. ಯಾವುದರ ಸಂಖ್ಯೆ ಎಂಬುದನ್ನೂ ಮುಂಚೆಯೇ ನಿರ್ಧರಿಸಿರಬೇಕು.

ಉದಾಹರಣೆಗೆ, ನೀವು ಇಟ್ಟ ಕಾರ್ಡುಗಳ ಸಂಖ್ಯೆ 18 ಮತ್ತು 70 ಎಂದಿಟ್ಟುಕೊಳ್ಳಿ. 18 ಮುಂದಿಟ್ಟರೆ ನೀವು ಶತ್ರುಗಳಿಗಿಂತ ಮೊದಲು ಹೋಗುವ ಸಂಭವ ಹೆಚ್ಚು. 70 ಮುಂದಿಟ್ಟರೆ ಅವರೇ ನಿಮ್ಮ ಹತ್ತಿರ ಬಂದು ನಿಂತಮೇಲೆ ನಿಮ್ಮ ಸರದಿ. ಸರದಿ ಬಂದಾಗ ಒಂದು ಕಾರ್ಡಿನ ಮೇಲರ್ಧ, ಇನ್ನೊಂದರ ಕೆಳಅರ್ಧ ಆಡಬೇಕು. ಎರಡರದ್ದೂ ಮೇಲರ್ಧ ಆಡುವಂತಿಲ್ಲ. ಯಾವುದರ ಮೇಲರ್ಧ ಎನ್ನುವುದನ್ನು ಮಾತ್ರ ಸರದಿ ಬಂದಮೇಲೆ ನಿರ್ಧರಿಸಬಹುದು. ಪರಿಸ್ಥಿತಿ ಬದಲಾಗಿ ಎರಡೂ ಕೆಲಸಕ್ಕೆ ಬಾರದಿದ್ದರೆ, ಯಾವುದೇ ಕಾರ್ಡಿನ ಮೇಲರ್ಧವನ್ನು 2ರ ಹೊಡೆತವಾಗಿ (ಅಂದರೆ 2 ಹಿಟ್ ಪಾಯಿಂಟ್ ಕಳೆಯುವ ಹೊಡೆತ), ಕೆಳಅರ್ಧವನ್ನು 2 ಮನೆ ನಡಿಗೆಯಾಗಿ ಬಳಸಬಹುದು. ಹೊಸಬರು ಈ ಸೌಲಭ್ಯವನ್ನು ಮರೆತು ಸರದಿ ಸುಮ್ಮನೆ ಬಿಡುವುದನ್ನು ಎಷ್ಟು ಸಲ ನೋಡಿದ್ದೇನೋ.

ಹೊಡೆಯುವಾಗ ಅದೃಷ್ಟ ಸಣ್ಣದಾಗಿ ಇಣುಕುತ್ತದೆ. ಪ್ರತಿಯೊಬ್ಬರಿಗೂ 20 ಕಾರ್ಡಿನ ಒಂದು ಕಟ್ಟು ಇದೆ. ಹೊಡೆತಕ್ಕೊಂದು ಕಾರ್ಡು ಮಗುಚಬೇಕು. ಆರು ಕಾರ್ಡಿನಲ್ಲಿ ಸೊನ್ನೆ, ಐದರಲ್ಲಿ ಒಂದು ಕೂಡು, ಐದರಲ್ಲಿ ಒಂದು ಕಳೆ, ಎರಡು ಕೂಡುವುದು ಒಂದು, ಎರಡು ಕಳೆಯುವುದು ಒಂದು, ಹೊಡೆತ ಇಮ್ಮಡಿಯಾಗುವುದು ಒಂದು, ಪೂರ್ತಿ ಗುರಿ ತಪ್ಪುವುದು ಒಂದು. ಲೆಕ್ಕ ಹಾಕಿ ನೋಡಿದರೆ ಕೂಡಿದ್ದಕ್ಕೂ ಕಳೆದದ್ದಕ್ಕೂ ಸರಿಹೋಗುತ್ತದೆ. ಅಂದರೆ 3ರ ಹೊಡೆತ ಸರಾಸರಿ 3ರದ್ದೇ. ಆದರೆ 3 ಹಿಟ್ ಪಾಯಿಂಟ್ ಉಳಿದ ಶತ್ರುವನ್ನು 3ರ ಹೊಡೆತ ಖಂಡಿತ ಕೊಲ್ಲುತ್ತದೆ ಎಂದು ನಂಬಬೇಡಿ. 20ರಲ್ಲಿ 7 ಸಲ ಅವನು ಬದುಕುತ್ತಾನೆ. ಇವನು ಸತ್ತನೆಂದೇ ಲೆಕ್ಕ ಹಿಡಿದು ಮುಂದಿನ ನಡೆ ಹೆಣೆಯುವುದು ಮೊದಲ ತಿಂಗಳ ತಪ್ಪು. ಎರಡನೇ ತಿಂಗಳಲ್ಲೂ ಮಾಡುತ್ತೇವೆ, ಬೇರೆ ಮಾತು.

ಬೆಂಕಿ, ಮಂಜು, ಗಾಳಿ, ಭೂಮಿ, ಬೆಳಕು, ಕತ್ತಲು ಎಂಬ ಆರು ಧಾತುಗಳ ವಿಷಯ ಮುಂದೆ ಬರುತ್ತದೆ. ಒಬ್ಬರು ಹುಟ್ಟಿಸಿದ ಧಾತುವನ್ನು ಇನ್ನೊಬ್ಬರು ಬಳಸಿ ಹೊಡೆತ ಬಲಗೊಳಿಸಬಹುದು. ಕೆಲವೊಮ್ಮೆ ಶತ್ರುವೂ ಅದನ್ನು ನುಂಗಿಬಿಡುತ್ತಾನೆ. ಪುಸ್ತಕ ಹೇಳಿಕೊಡುವವರೆಗೆ ತಲೆಗೆ ಹಚ್ಚಿಕೊಳ್ಳಬೇಡಿ.

ಹೆಜ್ಜೆ 5: ಬುತ್ತಿಯ ಲೆಕ್ಕ

ಇದು ಈ ಲೇಖನದ ಹೊಟ್ಟೆ. ನಿಧಾನವಾಗಿ ಓದಿ.

ಆಡಿದ ಎರಡು ಕಾರ್ಡು ಎಸೆದ ಗುಡ್ಡೆಗೆ ಹೋಗುತ್ತವೆ. ಕೈ ಬರಿದಾದಾಗ ವಿಶ್ರಾಂತಿ ತೆಗೆದುಕೊಂಡರೆ ಅವು ಮರಳಿ ಬರುತ್ತವೆ, ಆದರೆ ಒಂದು ಕಾರ್ಡು ಆ ಸಿನಾರಿಯೊ ಮುಗಿಯುವವರೆಗೆ ಕಳೆದೇ ಹೋಗುತ್ತದೆ. ಹೀಗೆ ಒಂದೊಂದಾಗಿ ಕರಗುತ್ತಾ, ಆಡಲು ಎರಡು ಕಾರ್ಡಿಲ್ಲ, ವಿಶ್ರಾಂತಿಗೂ ದಾರಿಯಿಲ್ಲ ಎಂದಾದ ಕೂಡಲೇ ನಿಮ್ಮ ಪಾತ್ರ ಸುಸ್ತಾಗಿ ಆಟದಿಂದ ಹೊರಬೀಳುತ್ತದೆ. ಮೈಯಲ್ಲಿ ಹತ್ತು ಹಿಟ್ ಪಾಯಿಂಟ್ ಇದ್ದರೂ ಅಷ್ಟೇ. ಆದ್ದರಿಂದ ಕೈಯ ಕಾರ್ಡುಗಳನ್ನು ಆಯುಧ ಎಂದುಕೊಳ್ಳುವ ಬದಲು ದಾರಿಯ ಬುತ್ತಿ ಎಂದುಕೊಳ್ಳಿ. ದಾರಿ ಎಷ್ಟು ಉದ್ದ ಎಂದು ಗೊತ್ತಿಲ್ಲ, ಬುತ್ತಿ ಇಷ್ಟೇ.

ಎಷ್ಟು? ಕಲಿಕೆಯ ಹಂತ ದಾಟಿ ಪೂರ್ತಿ ಕೈ ಸಿಕ್ಕಮೇಲೆ ರೆಡ್ ಗಾರ್ಡ್ ಮತ್ತು ಹ್ಯಾಚೆಟ್‌ಗೆ ತಲಾ 10 ಕಾರ್ಡು, ಡೆಮಾಲಿಷನಿಸ್ಟ್‌ಗೆ 9, ವಾಯ್ಡ್‌ವಾರ್ಡನ್‌ಗೆ 11. ಹತ್ತು ಕಾರ್ಡು ಇದ್ದರೆ ಮೊದಲು ಐದು ಸರದಿ. ವಿಶ್ರಾಂತಿಯಾಗಿ ಒಂಬತ್ತು ಉಳಿದರೆ ನಾಲ್ಕು ಸರದಿ. ಎಂಟಕ್ಕೆ ನಾಲ್ಕು, ಏಳಕ್ಕೆ ಮೂರು, ಆರಕ್ಕೆ ಮೂರು, ಐದಕ್ಕೆ ಎರಡು, ನಾಲ್ಕಕ್ಕೆ ಎರಡು, ಮೂರಕ್ಕೆ ಒಂದು, ಎರಡಕ್ಕೆ ಒಂದು. ಕೂಡಿಸಿದರೆ 25 ಸರದಿ. ಒಂಬತ್ತರ ಕೈಗೆ 20, ಹನ್ನೊಂದರ ಕೈಗೆ 30. ಒಂದೇ ಕಾರ್ಡಿನ ವ್ಯತ್ಯಾಸಕ್ಕೆ ಐದು ಸರದಿಯ ಅಂತರ ನೋಡಿ.

ಕೆಲವು ಕಾರ್ಡುಗಳ ಬಲವಾದ ಅರ್ಧದಲ್ಲಿ ಒಂದು ಗುರುತು ಇರುತ್ತದೆ. ಅದನ್ನು ಆಡಿದರೆ ಕಾರ್ಡು ಎಸೆದ ಗುಡ್ಡೆಗೆ ಹೋಗದೆ ನೇರವಾಗಿ ಕಳೆದುಹೋಗುತ್ತದೆ. ಸಹಜವಾಗಿಯೇ ಅದು ಭರ್ಜರಿ ಹೊಡೆತ, ಕೈ ತುರಿಸುತ್ತದೆ. ಹತ್ತು ಕಾರ್ಡಿನ ಕೈಯಲ್ಲಿ, ಮೊದಲ ವಿಶ್ರಾಂತಿಗೆ ಮುಂಚೆ ಅಂಥದ್ದೊಂದನ್ನು ಆಡಿದರೆ ಏನಾಗುತ್ತದೆ? ವಿಶ್ರಾಂತಿ ಮುಗಿದಾಗ ಒಂಬತ್ತರ ಬದಲು ಎಂಟೇ ಉಳಿಯುತ್ತದೆ, ಒಂಬತ್ತರ ನಾಲ್ಕು ಸರದಿ ಪೂರ್ತಿ ಮಾಯ. 25 ಇದ್ದದ್ದು 21ಕ್ಕೆ ಇಳಿಯಿತು. ಅದೇ ಕಾರ್ಡನ್ನು ನಾಲ್ಕೇ ಕಾರ್ಡು ಉಳಿದಾಗ ಆಡಿದರೆ ನಷ್ಟ ಒಂದೇ ಸರದಿ. ನಾವು ಆ ರಾತ್ರಿ ಮೊದಲ ಕೋಣೆಯಲ್ಲೇ ಮೂವರೂ ಸೇರಿ ಇಂಥ ಐದು ಕಾರ್ಡು ಸುರಿದಿದ್ದೆವು. ಕೋಣೆ ಏನೋ ಬೇಗ ಖಾಲಿಯಾಯಿತು.

ಹಾಗೆಂದು ಕೊನೆವರೆಗೆ ಜೋಪಾನ ಮಾಡಿ ಕೂತರೂ ಪ್ರಯೋಜನವಿಲ್ಲ. ನಾನು ಪಾಲಿಸುವ ಲೆಕ್ಕ ಇದು: ಮೊದಲ ವಿಶ್ರಾಂತಿಯವರೆಗೆ ಇಂಥ ಕಾರ್ಡು ಮುಟ್ಟುವುದಿಲ್ಲ, ಮುಟ್ಟಿದರೆ ಅದರಿಂದ ನಾಲ್ಕು ಸರದಿಯ ಕೆಲಸ ಆಗಬೇಕು. ಮೂವರು ಶತ್ರುಗಳು ಒಟ್ಟಿಗೆ ನಿಂತಿದ್ದಾರೆ, ಒಂದೇ ಹೊಡೆತಕ್ಕೆ ಮೂವರೂ ಸಿಗುತ್ತಾರೆ ಎಂದರೆ ಆಡಿ. ಒಬ್ಬನಿಗೆ ಹೊಡೆಯುವುದಕ್ಕೆ ಬೇಡ. ಇಡೀ ಸಿನಾರಿಯೊ ಉದ್ದಕ್ಕೂ ಫಲ ಕೊಡುತ್ತಲೇ ಇರುವ ಕಾರ್ಡು ಮಾತ್ರ ಇದಕ್ಕೆ ಹೊರತು, ಅದನ್ನು ಬೇಗ ಆಡಿದಷ್ಟು ಒಳ್ಳೆಯದು.

ವಿಶ್ರಾಂತಿಯಲ್ಲಿ ಎರಡು ಬಗೆ. ಶಾರ್ಟ್ ರೆಸ್ಟ್ ಸುತ್ತಿನ ಕೊನೆಯಲ್ಲಿ ಆಗುತ್ತದೆ, ಸರದಿ ವ್ಯರ್ಥವಾಗುವುದಿಲ್ಲ. ಆದರೆ ಯಾವ ಕಾರ್ಡು ಕಳೆಯುತ್ತದೆ ಎಂಬುದು ಕಣ್ಣು ಮುಚ್ಚಿ ಎತ್ತಿದ್ದು. ಎತ್ತಿದ್ದು ಬೇಡವಾದರೆ ಒಂದು ಹಿಟ್ ಪಾಯಿಂಟ್ ಕೊಟ್ಟು ಒಮ್ಮೆ ಬದಲಿಸಬಹುದು. ಲಾಂಗ್ ರೆಸ್ಟ್‌ಗೆ ಒಂದು ಇಡೀ ಸುತ್ತು ಬೇಕು, ಇನಿಷಿಯೇಟಿವ್ 99, ಆ ಸುತ್ತಿನಲ್ಲಿ ಬೇರೇನೂ ಮಾಡುವಂತಿಲ್ಲ. ಬದಲಿಗೆ ಕಳೆಯುವ ಕಾರ್ಡು ನೀವೇ ಆರಿಸುತ್ತೀರಿ, 2 ಹಿಟ್ ಪಾಯಿಂಟ್ ಮರಳುತ್ತದೆ, ಬಳಸಿದ ಸಾಮಾನುಗಳೂ ಮತ್ತೆ ಸಿದ್ಧವಾಗುತ್ತವೆ. ಕೋಣೆ ಖಾಲಿಯಾಗಿ ಮುಂದಿನ ಬಾಗಿಲು ಇನ್ನೂ ಮುಚ್ಚಿದ್ದರೆ ಲಾಂಗ್ ರೆಸ್ಟ್, ಕತ್ತಿ ಕತ್ತಿ ತಾಗುತ್ತಿದ್ದರೆ ಶಾರ್ಟ್ ರೆಸ್ಟ್. ಮೂವರೂ ಒಟ್ಟಿಗೆ ಲಾಂಗ್ ರೆಸ್ಟ್ ಹಾಕಿದರೆ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಒಬ್ಬರು ಇವತ್ತು, ಒಬ್ಬರು ನಾಳೆ ಎಂದರೆ ಕಾಯುವವರ ಬುತ್ತಿಯೂ ಕರಗುತ್ತದೆ.

ಬುತ್ತಿಗೆ ಇನ್ನೊಂದು ಉಪಯೋಗವಿದೆ. ಏಟು ಬಿದ್ದಾಗ ಕೈಯ ಒಂದು ಕಾರ್ಡನ್ನೋ, ಎಸೆದ ಗುಡ್ಡೆಯ ಎರಡು ಕಾರ್ಡನ್ನೋ ಕಳೆದುಕೊಂಡರೆ ಆ ಏಟು ಪೂರ್ತಿ ರದ್ದು. ಪ್ರಾಣ ಹೋಗುವಂತಿದ್ದರೆ ಮಾತ್ರ ಇದನ್ನು ಬಳಸಿ. 2ರ ಏಟಿಗೆ ಹೆದರಿ ಕಾರ್ಡು ಕೊಡುವುದು ಸೊಳ್ಳೆಗೆ ಸೊಳ್ಳೆಪರದೆ ಸುಟ್ಟಂತೆ. ಹಿಟ್ ಪಾಯಿಂಟ್ ಇರುವುದೇ ಖರ್ಚು ಮಾಡುವುದಕ್ಕೆ. ಸಿನಾರಿಯೊ ಮುಗಿದಾಗ ಒಂದೇ ಪಾಯಿಂಟ್ ಉಳಿದಿದ್ದರೂ ಗೆದ್ದವರು ಗೆದ್ದವರೇ.

ಹೆಜ್ಜೆ 6: ಶತ್ರು ಹೇಗೆ ಯೋಚಿಸುತ್ತಾನೆ

ಅವನು ಯೋಚಿಸುವುದಿಲ್ಲ. ನಿಮಗೆ ಅನುಕೂಲವಾಗಿರುವುದು ಅದೇ. ಪ್ರತಿ ಜಾತಿಯ ಶತ್ರುವಿಗೆ ಸುತ್ತಿಗೊಂದು ಕಾರ್ಡು ಮಗುಚುತ್ತದೆ, ಆ ಜಾತಿಯವರೆಲ್ಲ ಅದರಂತೆ ನಡೆಯುತ್ತಾರೆ. ಎಲೀಟ್, ಅಂದರೆ ಹೆಚ್ಚು ಬಲದ ಶತ್ರುಗಳು ಮೊದಲು, ಸಾಮಾನ್ಯರು ಆಮೇಲೆ. ಯಾರನ್ನು ಹೊಡೆಯಬೇಕು ಎಂಬುದಕ್ಕೆ ಸರಳ ನಿಯಮ: ಯಾರನ್ನು ತಲುಪಲು ಅತಿ ಕಡಿಮೆ ಹೆಜ್ಜೆ ಸಾಕೋ ಅವರು. ದೂರ ಸಮವಾದರೆ ಆ ಸುತ್ತಿನಲ್ಲಿ ಯಾರ ಸರದಿ ಬೇಗವೋ ಅವರು.

ಇದನ್ನು ತಿಳಿದವರು ಎರಡು ಉಪಾಯ ಮಾಡುತ್ತಾರೆ. ಒಂದು, ಕಿರಿದಾದ ಬಾಗಿಲಲ್ಲಿ ರೆಡ್ ಗಾರ್ಡ್ ನಿಂತುಬಿಡುವುದು. ಕೈಯಳತೆಯಲ್ಲಿ ಹೊಡೆಯುವ ಶತ್ರುಗಳೆಲ್ಲ ಅವನ ಮುಂದೆ ಸಾಲುಗಟ್ಟುತ್ತಾರೆ, ಹಿಂದಿನಿಂದ ಹ್ಯಾಚೆಟ್ ಕೊಡಲಿ ಎಸೆಯುತ್ತಾನೆ. ಹ್ಯಾಚೆಟ್ ಪಕ್ಕದ ಮನೆಯಲ್ಲೇ ಶತ್ರು ನಿಂತಿದ್ದರೆ ಮಾತ್ರ ದೂರದ ಹೊಡೆತ ಎಡವುತ್ತದೆ, ಎರಡು ಕಾರ್ಡು ಮಗುಚಿ ಕೆಟ್ಟದ್ದನ್ನು ತೆಗೆದುಕೊಳ್ಳಬೇಕು. ಎರಡು, ತಡವಾಗಿ ಹೋಗಿ ಬೇಗ ಬರುವುದು. ಈ ಸುತ್ತು 80ರ ಕಾರ್ಡು ಇಟ್ಟು, ಶತ್ರುಗಳ ಸರದಿ ಮುಗಿದಮೇಲೆ ನುಗ್ಗಿ ಹೊಡೆಯಿರಿ. ಮುಂದಿನ ಸುತ್ತು 10ರ ಕಾರ್ಡು ಇಟ್ಟು ಅವರು ಕೈ ಎತ್ತುವ ಮುಂಚೆ ಇನ್ನೊಮ್ಮೆ ಹೊಡೆದು ಹಿಂದೆ ಸರಿಯಿರಿ. ಎರಡು ಸರದಿ ನಿಮ್ಮದು, ನಡುವೆ ಅವರದ್ದೊಂದೂ ಇಲ್ಲ. ಈ ಉಪಾಯ ಮೊದಲ ಸಲ ಫಲಿಸಿದಾಗ ಮೇಜಿನ ಸುತ್ತ ಕೇಳುವ ಸದ್ದೇ ಬೇರೆ.

ಬಾಗಿಲು ತೆಗೆಯುವಾಗ ಎಚ್ಚರ. ತೆಗೆದ ಕ್ಷಣಕ್ಕೇ ಒಳಗಿನವರು ಬಯಲಾಗುತ್ತಾರೆ, ಅದೇ ಸುತ್ತಿನಲ್ಲಿ ಅವರ ಸರದಿಯೂ ಬರುತ್ತದೆ. ಅರ್ಧ ಜನ ಹಿಂದಿನ ಕೋಣೆಯಲ್ಲಿ ಚಿನ್ನ ಹೆಕ್ಕುತ್ತಿರುವಾಗ ಒಬ್ಬರು ಹುರುಪಿನಿಂದ ಬಾಗಿಲು ತೆಗೆದರೆ, ಆ ಕೋಣೆಯ ಅಷ್ಟೂ ಏಟು ಒಬ್ಬರ ಬೆನ್ನಿಗೆ. ಎಲ್ಲರೂ ಹತ್ತಿರ ಬಂದಿದ್ದಾರೆಯೇ, ಕೈಯಲ್ಲಿ ನಾಲ್ಕಾದರೂ ಕಾರ್ಡು ಇವೆಯೇ ಎಂದು ಕೇಳಿಕೊಂಡು ತೆಗೆಯಿರಿ. ಹಾಗೆಂದು ಹಿಂದಿನ ಕೋಣೆಯಲ್ಲಿ ಅಡ್ಡಾಡುತ್ತಾ ಉಳಿದರೂ ಬುತ್ತಿ ಕರಗುತ್ತದೆ. ಬಿದ್ದ ಚಿನ್ನದ ಮನೆಯ ಮೇಲೆ ನಿಮ್ಮ ಸರದಿ ಮುಗಿದರೆ ಅದು ತಾನಾಗಿ ನಿಮ್ಮದಾಗುತ್ತದೆ. ದಾರಿಯಲ್ಲಿ ಸಿಕ್ಕಿದ್ದು ತೆಗೆದುಕೊಳ್ಳಿ, ಮೂಲೆಯಲ್ಲಿರುವುದನ್ನು ಮರೆತುಬಿಡಿ.

ಹೆಜ್ಜೆ 7: ಮೇಜಿನ ಮಾತುಕತೆ

ಎಲ್ಲರೂ ಒಂದೇ ಪಕ್ಷದಲ್ಲಿರುವ ಆಟಗಳಿಗೆಲ್ಲ ಒಂದು ಕಾಯಿಲೆ ಇದೆ: ಚೆನ್ನಾಗಿ ಗೊತ್ತಿರುವ ಒಬ್ಬರು ಎಲ್ಲರ ಸರದಿಯನ್ನೂ ತಾವೇ ಆಡಿಬಿಡುವುದು. ಈ ಆಟದ ಮದ್ದು ಅದರ ನಿಯಮದಲ್ಲೇ ಇದೆ. ಕಾರ್ಡು ಆರಿಸುವಾಗ ನಿಮ್ಮ ಕಾರ್ಡು ತೋರಿಸುವಂತಿಲ್ಲ, ಇನಿಷಿಯೇಟಿವ್ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. 'ನಾನು ಬೇಗ ಹೋಗಿ ಎಡಗಡೆಯವನಿಗೆ ಹೊಡೀತೀನಿ, ನೀನು ಸ್ವಲ್ಪ ತಡ ಮಾಡು' ಎನ್ನಬಹುದು. 'ನನ್ನದು 12, ನೀನು 20 ಇಡು' ಎನ್ನುವಂತಿಲ್ಲ. ಈ ಮಂಕು ಮಾತಿನಿಂದಲೇ ಎಡವಟ್ಟುಗಳಾಗುತ್ತವೆ. 'ಬೇಗ' ಎಂದರೆ ನಿಮಗೆ 15, ಎದುರಿನವರಿಗೆ 35. ನೀವು ಹಾದುಹೋಗಬೇಕಿದ್ದ ಬಾಗಿಲಲ್ಲಿ ಗೆಳತಿ ಇನ್ನೂ ನಿಂತೇ ಇರುತ್ತಾಳೆ. ಕೆಲವು ಮನೆಗಳಲ್ಲಿ ಈ ನಿಯಮವನ್ನು ಸಡಿಲಿಸಿ ಎಲ್ಲವನ್ನೂ ತೆರೆದಿಟ್ಟು ಆಡುತ್ತಾರೆ. ಅದು ಅವರವರ ಇಷ್ಟ, ಆದರೆ ನನಗೆ ಆಗ ಆಟ ಗಣಿತದ ಹೋಂವರ್ಕ್ ಆದಂತೆ ಕಾಣುತ್ತದೆ.

ಹೆಕ್ಕಿದ ಚಿನ್ನ ಹೆಕ್ಕಿದವರದ್ದೇ, ಹಂಚಿಕೊಳ್ಳುವಂತಿಲ್ಲ. ಒಬ್ಬೊಬ್ಬರಿಗೂ ಗುಟ್ಟಾದ ಒಂದು ಗುರಿಯ ಕಾರ್ಡು ಬೇರೆ ಸಿಗುತ್ತದೆ. ಹಾಗಾಗಿ ಒಂದೇ ಪಕ್ಷವಾದರೂ ಒಳಗೊಳಗೇ ಸಣ್ಣ ಸ್ವಾರ್ಥ ಇರುತ್ತದೆ. ಅಣ್ಣತಮ್ಮಂದಿರ ಹಾಗೆ.

ಹೆಜ್ಜೆ 8: ಮಟ್ಟ ಇಳಿಸಲು ನಾಚಿಕೆ ಬೇಡ

ಕಷ್ಟದ ಮಟ್ಟದ ಸೂತ್ರ: ಪಾತ್ರಗಳ ಲೆವೆಲ್‌ನ ಸರಾಸರಿಯ ಅರ್ಧ, ಮೇಲಕ್ಕೆ ಪೂರ್ಣಗೊಳಿಸಿ. ಲೆವೆಲ್ 1ರ ಗುಂಪಿಗೆ ಸಿನಾರಿಯೊ ಮಟ್ಟ 1. ಕಷ್ಟವೆನಿಸಿದರೆ ಒಂದು ಇಳಿಸಬಹುದೆಂದು ನಿಯಮವೇ ಹೇಳುತ್ತದೆ. ಸೋತರೂ ಗಳಿಸಿದ ಚಿನ್ನ, ಅನುಭವದ ಅಂಕ ನಿಮ್ಮಲ್ಲೇ ಉಳಿಯುತ್ತವೆ. ಗೆದ್ದರೆ ಮೇಲೆ ಇನಾಮಿನ ಅಂಕವೂ ಸಿಗುತ್ತದೆ, ಮಟ್ಟ 1ರಲ್ಲಿ ಅದು 6. ಒಟ್ಟು 45 ಅಂಕ ಆದಾಗ ಲೆವೆಲ್ 2. ಹೊಸ ಕಾರ್ಡು ಬರುತ್ತದೆ, ಆದರೆ ಕೈಯ ಅಳತೆ ದೊಡ್ಡದಾಗುವುದಿಲ್ಲ. ಹೊಸದನ್ನು ತುಂಬಲು ಹಳೆಯದೊಂದನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಬುತ್ತಿಯ ರುಚಿ ಬದಲಾಗುತ್ತದೆ, ಡಬ್ಬಿ ಅಷ್ಟೇ.

ಅಂಗಡಿಯಲ್ಲಿ ಸಾಮಾನು ಕೊಳ್ಳುವ ದಿನ ಬಂದಾಗ ಎಲ್ಲರ ಕಣ್ಣೂ ಕತ್ತಿಯ ಮೇಲೆ. ನನ್ನ ಸಲಹೆ ಕೇಳುವುದಾದರೆ, ಎಸೆದ ಕಾರ್ಡುಗಳನ್ನು ಮರಳಿ ಕೈಗೆ ತರುವ ಸ್ಟ್ಯಾಮಿನಾ ಪೋಷನ್ ಮೊದಲು ಕೊಳ್ಳಿ. ಯಾಕೆಂದು ಮತ್ತೆ ಹೇಳಬೇಕಿಲ್ಲ.

ಹೆಜ್ಜೆ 9: ಐದರ ಆಚೆಗೆ

ಐದು ಸಿನಾರಿಯೊ ಮುಗಿಯುವಷ್ಟರಲ್ಲಿ ಈ ಆಟ ನಿಮ್ಮದೋ ಅಲ್ಲವೋ ಗೊತ್ತಾಗಿಬಿಡುತ್ತದೆ. ಲೆಕ್ಕ ಹಾಕುತ್ತಾ ಕೂರುವುದು ಬೇಸರವೆನಿಸಿದರೆ ಬಲವಂತ ಬೇಡ. 2021ರಲ್ಲಿ ಹೀರೋಕ್ವೆಸ್ಟ್ ಮತ್ತೆ ಅಚ್ಚಾಗಿದೆ. ಖಳನ ಕೆಲಸವನ್ನು ಮೊಬೈಲ್ ಆ್ಯಪ್‌ಗೆ ಒಪ್ಪಿಸಿ ಎಲ್ಲರೂ ಒಂದೇ ಕಡೆ ಆಡಬಹುದು. ಅಲ್ಲಿ ದಾಳ ಇದೆ, ಗದ್ದಲ ಇದೆ, ಲೆಕ್ಕ ಕಡಿಮೆ, ಮಕ್ಕಳೂ ಕೂರಬಹುದು. ಹಿಡಿಸಿತು ಎಂದಾದರೆ ಉಳಿದ 20 ಸಿನಾರಿಯೊ ಇವೆ, ಅವು ಮುಗಿದಮೇಲೆ ದೊಡ್ಡ ಗ್ಲೂಮ್‌ಹೇವನ್ ಇದೆ. ಜೊತೆಗಾರರು ಬೇರೆ ಬೇರೆ ಊರಲ್ಲಿದ್ದರೆ, 2021ರಲ್ಲಿ ಪೂರ್ಣರೂಪದಲ್ಲಿ ಬಂದ ಗ್ಲೂಮ್‌ಹೇವನ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಕೂಡಿ ಆಡಬಹುದು. ಬಿಲ್ಲೆ ಎತ್ತಿಡುವ ಕೆಲಸ ಅದೇ ನೋಡಿಕೊಳ್ಳುತ್ತದೆ. ನನಗಂತೂ ಬಿಲ್ಲೆಯ ಸದ್ದಿಲ್ಲದ ಆಟ ಸಪ್ಪೆ.

ಕೊನೆಯದಾಗಿ ಒಂದು ಚಿಕ್ಕ ಕೆಲಸ. ಡಬ್ಬಿ ಮುಚ್ಚುವ ಮುಂಚೆ ಒಂದು ಚೀಟಿಯಲ್ಲಿ ಯಾವ ಸಿನಾರಿಯೊ ಮುಗಿಯಿತು, ಮುಂದಿನದು ಯಾವುದು, ಯಾರ ಬಳಿ ಎಷ್ಟು ಚಿನ್ನ, ಯಾವ ನಿಯಮದ ಬಗ್ಗೆ ಜಗಳವಾಗಿ ಏನು ತೀರ್ಮಾನವಾಯಿತು ಎಂದು ಬರೆದು ಎಲ್ಲಕ್ಕಿಂತ ಮೇಲಿಡಿ. ನಮ್ಮ ಡಬ್ಬಿಯಲ್ಲಿ ಈಗ ಅಂಥ ಹನ್ನೊಂದು ಚೀಟಿಗಳಿವೆ. ಅವುಗಳಲ್ಲಿ ಏಳು ಚೀಟಿಯಲ್ಲಿ ಇರುವುದು ಒಂದೇ ಜಗಳ: ಹ್ಯಾಚೆಟ್ ನಿಂತ ಜಾಗದಿಂದ ಆ ಕಂಬದ ಹಿಂದಿನವನು ಕಾಣುತ್ತಾನೋ ಇಲ್ಲವೋ.